ಟಿವಿಯಲ್ಲಿ ನೆರೆ, ಒಲೆಯ ಮೇಲೆ ಅನ್ನ: ಓದುಗರ ಪ್ರಶ್ನೆಗೆ ಉತ್ತರ

ಮಳೆಗಾಲ ಶುರುವಾದಾಗಿನಿಂದ ಮುಂಬಯಿ, ಪುಣೆ, ಗೋವಾದ ಓದುಗರಿಂದ ಬಂದ ಪತ್ರಗಳಲ್ಲಿ ಒಂದೇ ತಳಮಳ ಬೇರೆ ಬೇರೆ ರೂಪದಲ್ಲಿ ಕಾಣಿಸುತ್ತಿದೆ. ಅಲ್ಲೆಲ್ಲೋ ಮನೆಗಳು ಮುಳುಗುತ್ತಿವೆ, ಇಲ್ಲಿ ನಾವು ಡಬ್ಬಿ ಕಟ್ಟಿಕೊಂಡು ಲೋಕಲ್ ಹಿಡಿಯುತ್ತಿದ್ದೇವೆ, ಇದು ಸರಿಯೇ? ಪರಿಹಾರ ಕಾರ್ಯ, ಮನೋಆರೋಗ್ಯ, ಬ್ಯಾಂಕ್ ವ್ಯವಹಾರ ಬಲ್ಲವರು ಸೇರಿ ಈ ಸಂಚಿಕೆಯಲ್ಲಿ ಉತ್ತರಿಸಿದ್ದಾರೆ.

ಗೃಹಿಣಿ, ಡೊಂಬಿವಲಿ: 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಜರಿದದ್ದನ್ನು ನೋಡಿದ ಮೇಲೆ, ಮಳೆ ಜೋರಾಯಿತೆಂದರೆ ನಮ್ಮ ಅತ್ತೆ ಟಿವಿ ಮುಂದಿನಿಂದ ಏಳುವುದಿಲ್ಲ. ನನ್ನ ಕೈಯಲ್ಲಿ ಫೋನು. ಮಕ್ಕಳಿಗೆ ದೋಸೆ ಹುಯ್ಯುವಾಗ ನಗು ಬಂದರೂ ತಪ್ಪು ಮಾಡಿದ ಹಾಗಾಗುತ್ತದೆ. ಟಿವಿ ಆರಿಸಿದರೆ ಕಲ್ಲುಮನಸ್ಸಿನವರು ಅನ್ನಿಸಿಕೊಳ್ಳುವುದಿಲ್ಲವೇ?

ಆರಿಸಿ. ನೀವು ನೋಡುತ್ತಾ ಕುಳಿತದ್ದರಿಂದ ಅಲ್ಲಿ ಒಬ್ಬರಿಗೂ ಒಂದು ಲೋಟ ನೀರು ಹೆಚ್ಚು ಸಿಗುವುದಿಲ್ಲ. ನಿಮ್ಮ ಮೈಗೆ ಮಾತ್ರ ಪೆಟ್ಟು ಬೀಳುತ್ತದೆ. ಅಮೆರಿಕದ ಬಾಸ್ಟನ್ ಮ್ಯಾರಥಾನ್‌ನಲ್ಲಿ 2013ರಲ್ಲಿ ಬಾಂಬ್ ಸಿಡಿದ ಮೇಲೆ ಸಂಶೋಧಕರು ಇದನ್ನು ಪರೀಕ್ಷಿಸಿದ್ದರು. ಘಟನೆಯ ನಂತರದ ವಾರದಲ್ಲಿ ದಿನಕ್ಕೆ ಆರು ಗಂಟೆ ಅಥವಾ ಹೆಚ್ಚು ಹೊತ್ತು ಅದರ ಸುದ್ದಿ, ವಿಡಿಯೊ ನೋಡಿದವರಲ್ಲಿ, ಬಾಂಬ್ ಸಿಡಿದ ಜಾಗದಲ್ಲೇ ಇದ್ದವರಿಗಿಂತ ಹೆಚ್ಚಿನ ಒತ್ತಡದ ಲಕ್ಷಣ ಕಂಡುಬಂತು. ಕಾರಣ ಊಹಿಸುವುದು ಕಷ್ಟವಲ್ಲ. ಅಲ್ಲಿದ್ದವರಿಗೆ ಘಟನೆ ಒಂದು ಸಲ ನಡೆಯಿತು, ಪರದೆಯ ಮುಂದಿದ್ದವರಿಗೆ ಐವತ್ತು ಸಲ.

ನಮ್ಮ ವಾಹಿನಿಗಳೂ ಮಾಡುವುದು ಅದನ್ನೇ. ಬೆಳಿಗ್ಗೆ ಬಂದ ಒಂದು ತುಣುಕನ್ನೇ ಕೆಂಪು ವೃತ್ತ ಹಾಕಿ, ಹಿನ್ನೆಲೆ ಸಂಗೀತ ಸೇರಿಸಿ, ರಾತ್ರಿಯವರೆಗೆ ತಿರುಗಿಸುತ್ತವೆ. ಎರಡು ಗಂಟೆ ನೋಡಿದರೂ ಸಿಗುವ ಹೊಸ ಮಾಹಿತಿ ಹತ್ತು ನಿಮಿಷದ್ದು. ಹಾಗಾಗಿ ಸುದ್ದಿಗೆ ಹೊತ್ತು ಗೊತ್ತುಮಾಡಿ: ಬೆಳಿಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ. ಮಲಗುವ ಮುಂಚಿನ ಒಂದು ಗಂಟೆ ಬೇಡವೇ ಬೇಡ, ಆ ಹೊತ್ತಿನ ದೃಶ್ಯವೇ ಕಣ್ಣು ಮುಚ್ಚಿದಾಗ ಎದುರಿಗೆ ಬರುವುದು. ಸಾಧ್ಯವಿದ್ದರೆ ನೋಡುವ ಬದಲು ಓದಿ. ಪತ್ರಿಕೆಯಲ್ಲಿ ಅದೇ ಸುದ್ದಿ ಕಿರುಚದೆ ಬರುತ್ತದೆ.

ಫೋನಿನಲ್ಲಿ ಎರಡು ಕೆಲಸ ಮಾಡಿ. ವಾಟ್ಸಾಪ್‌ನ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಅಂಡ್ ಡೇಟಾಗೆ ಹೋಗಿ ವಿಡಿಯೊ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ. ಕುಟುಂಬದ ಗ್ರೂಪನ್ನು ಬಿಟ್ಟು ಬರಬೇಡಿ, ಅದು ಮನಸ್ತಾಪಕ್ಕೆ ದಾರಿ. ಒಂದು ವಾರ ಮ್ಯೂಟ್ ಮಾಡಿದರೆ ಯಾರಿಗೂ ತಿಳಿಯುವುದಿಲ್ಲ.

ಅತ್ತೆಗೆ ‘ನೋಡಬೇಡಿ’ ಎಂದರೆ ಕೇಳುವುದಿಲ್ಲ. ಹಿರಿಯರು ಟಿವಿ ಮುಂದೆ ಕೂರುವುದು ಬಹಳ ಸಲ ಬೇರೆ ಕೆಲಸವಿಲ್ಲದೆ. ಅವರಿಗೊಂದು ಜವಾಬ್ದಾರಿ ಕೊಡಿ: ಊರಿನ ನಾಲ್ಕು ಮನೆಗಳಿಗೆ ದಿನಕ್ಕೊಂದು ಸಲ ಫೋನ್ ಮಾಡಿ ಸಮಾಚಾರ ಕೇಳುವುದು ಅವರ ಪಾಲಿಗಿರಲಿ. ವಾಹಿನಿಗಿಂತ ನಿಖರವಾದ ಸುದ್ದಿ ಮನೆಗೆ ಬರುತ್ತದೆ, ಅವರ ತಳಮಳಕ್ಕೂ ಕೈಗೆಲಸ ಸಿಗುತ್ತದೆ. ಎದೆ ಹೊಡೆದುಕೊಳ್ಳುವಾಗ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಎಳೆದು, ಆರು ಎಣಿಸುವಷ್ಟು ಹೊತ್ತು ಬಿಡುವುದನ್ನು ಐದು ನಿಮಿಷ ಮಾಡಿದರೆ ಇಬ್ಬರಿಗೂ ಹಗುರವಾಗುತ್ತದೆ. ನಿದ್ದೆ ಎರಡು ವಾರವಾದರೂ ಮರಳದಿದ್ದರೆ, ಆ ದೃಶ್ಯಗಳು ಕರೆಯದೆ ಬರುತ್ತಿದ್ದರೆ, 14416ಕ್ಕೆ ಕರೆ ಮಾಡಿ. ಅದು ಕೇಂದ್ರ ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು.

ಇನ್ನು ದೋಸೆ ಹುಯ್ಯುವಾಗ ಬಂದ ನಗು. ಅದು ತಪ್ಪಲ್ಲ, ಮಕ್ಕಳ ಎದುರು ನಗಬೇಕು ಕೂಡ.

ಕಾರ್ಖಾನೆ ನೌಕರ, ಪಿಂಪ್ರಿ, ಪುಣೆ: ಅಪ್ಪ ಅವ್ವ ಅಥಣಿ ತಾಲ್ಲೂಕಿನ ಹೊಳೆದಂಡೆಯ ಊರಲ್ಲಿದ್ದಾರೆ. ಇಲ್ಲಿ ಮಳೆ ಹೊಡೆದರೆ ಅಲ್ಲಿ ಕೃಷ್ಣೆ ಏರುತ್ತಾಳೆ. ‘ಲಕ್ಷ ಕ್ಯೂಸೆಕ್ ಬಿಟ್ಟರು’ ಎಂದು ಕೇಳಿದರೆ ಮಷೀನ್ ಮೇಲೆ ಕೈ ಓಡುವುದಿಲ್ಲ. ಫೋನೂ ಹತ್ತುವುದಿಲ್ಲ. ಏನು ಮಾಡಲಿ?

ಮೊದಲು ಅಂಕಿ ಓದುವುದನ್ನು ಕಲಿಯಿರಿ, ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ಹರಿವು. ಟಿಎಂಸಿ ಎಂದರೆ ಸಂಗ್ರಹದ ಲೆಕ್ಕ, ನೂರು ಕೋಟಿ ಘನ ಅಡಿ. 11,574 ಕ್ಯೂಸೆಕ್ ನೀರು ಇಡೀ ದಿನ ಹರಿದರೆ ಒಂದು ಟಿಎಂಸಿ. ಅಂದರೆ ಒಂದು ಲಕ್ಷ ಕ್ಯೂಸೆಕ್ ದಿನವಿಡೀ ಹರಿದರೆ ಎಂಟೂವರೆ ಟಿಎಂಸಿಗೆ ಸ್ವಲ್ಪ ಮೇಲೆ. ಕೊಯ್ನಾ ಜಲಾಶಯದ ಸಾಮರ್ಥ್ಯ 105 ಟಿಎಂಸಿ, ಆಲಮಟ್ಟಿಯದು 519.60 ಮೀಟರ್ ಮಟ್ಟದಲ್ಲಿ 123 ಟಿಎಂಸಿ. ಇವನ್ನು ತಲೆಯಲ್ಲಿಟ್ಟುಕೊಂಡರೆ ‘ಭಾರಿ ಪ್ರಮಾಣದ ನೀರು’ ಎಂಬ ಪಟ್ಟಿ ಟಿವಿ ಪರದೆಯ ಮೇಲೆ ಓಡಿದಾಗ ಎಷ್ಟು ಭಾರಿ ಎಂದು ನೀವೇ ಅಳೆಯಬಹುದು.

ಎಲ್ಲ ಅಣೆಕಟ್ಟಿನ ಅಂಕಿಯೂ ನಿಮಗೆ ಬೇಕಿಲ್ಲ. ಕೊಯ್ನಾದಿಂದ ಬಿಟ್ಟ ನೀರು ಕರಾಡದಲ್ಲಿ ಕೃಷ್ಣೆಗೆ ಸೇರುತ್ತದೆ, ಸಾಂಗಲಿ ಬಳಿ ವಾರಣಾ, ನರಸೋಬವಾಡಿಯಲ್ಲಿ ಪಂಚಗಂಗಾ ಕೂಡಿಕೊಳ್ಳುತ್ತವೆ. ಅವೆಲ್ಲ ಕೂಡಿದ ಮೊತ್ತ ಕಾಣಿಸುವುದು ಶಿರೋಳ ತಾಲ್ಲೂಕಿನ ರಾಜಾಪುರ ಬ್ಯಾರೇಜಿನಲ್ಲಿ. ಅದಕ್ಕೆ ದೂಧಗಂಗಾದ ನೀರು ಸೇರಿಸಿದರೆ ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳದ ಬಳಿಯ ಹರಿವು ಸಿಗುತ್ತದೆ. ನಿಮ್ಮೂರಿಗೆ ಬರುವುದು ಆ ನೀರು. ಜತೆಗೆ ಕೆಳಗೆ ಆಲಮಟ್ಟಿಯ ಒಳಹರಿವು, ಹೊರಹರಿವು ನೋಡಿ. ಒಳಹರಿವಿಗಿಂತ ಹೊರಹರಿವು ಹೆಚ್ಚಿದ್ದರೆ ಅಲ್ಲಿ ನೀರಿಗೆ ಜಾಗ ಮಾಡುತ್ತಿದ್ದಾರೆ ಎಂದರ್ಥ. ಜನ ಕೊಯ್ನಾದ ಅಂಕಿ, ರಾಜಾಪುರದ ಅಂಕಿ ಎರಡನ್ನೂ ಕೂಡಿಸಿ ಫಾರ್ವರ್ಡ್ ಮಾಡುತ್ತಾರೆ. ಅದು ಒಂದೇ ನೀರನ್ನು ಎರಡು ಸಲ ಎಣಿಸಿದ ಹಾಗೆ.

ಫೋನ್ ಹತ್ತದಿದ್ದರೆ ಅನಾಹುತವೇ ಆಗಿದೆ ಎಂದುಕೊಳ್ಳಬೇಡಿ. ಕರೆಂಟು ಹೋದಾಗ ಟವರಿನ ಬ್ಯಾಟರಿ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ, ಅದರ ಮೇಲೆ ಎಲ್ಲರೂ ಒಟ್ಟಿಗೆ ಕರೆ ಮಾಡಿದರೆ ಲೈನು ಕಟ್ಟಿಕೊಳ್ಳುತ್ತದೆ. ಮತ್ತೆ ಮತ್ತೆ ಕರೆ ಮಾಡಿದರೆ ಅವರ ಮೊಬೈಲಿನ ಚಾರ್ಜೂ ಇಳಿಯುತ್ತದೆ. ಮಾಮೂಲಿ ಎಸ್ಸೆಮ್ಮೆಸ್ ಕಳಿಸಿ, ಸಣ್ಣ ಸಿಗ್ನಲ್ ಸಿಕ್ಕರೂ ಅದು ಹೋಗುತ್ತದೆ. ಬೆಳಿಗ್ಗೆ ಎಂಟು, ರಾತ್ರಿ ಎಂಟು ಎಂದು ಮಾತಾಡುವ ಹೊತ್ತು ಮೊದಲೇ ಗೊತ್ತುಮಾಡಿಕೊಂಡು ಉಳಿದ ಹೊತ್ತು ಅವರು ಫೋನ್ ಆರಿಸಿಡಲಿ. ಎತ್ತರದ ಓಣಿಯಲ್ಲಿರುವ ಒಬ್ಬರ, ಪಕ್ಕದೂರಿನ ಒಬ್ಬರ ನಂಬರ್ ನಿಮ್ಮ ಬಳಿ ಇರಲಿ. ಅದೂ ಆಗದಿದ್ದರೆ ಆ ಜಿಲ್ಲೆಯ ಎಸ್‌ಟಿಡಿ ಕೋಡ್ ಹಾಕಿ 1077 ಒತ್ತಿ, ಅದು ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ. ಪುಣೆಯಿಂದ ಕೋಡ್ ಇಲ್ಲದೆ ಒತ್ತಿದರೆ ಬೆಳಗಾವಿ ಸಿಗುವುದಿಲ್ಲ.

ಫೋನ್ ಹತ್ತಿದಾಗ ‘ಹೆಂಗದೀರಿ’ ಎಂದಷ್ಟೇ ಕೇಳಿ ಇಡಬೇಡಿ. ನೀರು ಯಾವ ಗುಡಿಯ ಕಟ್ಟೆಗೆ, ಯಾವ ಕಂಬಕ್ಕೆ ಬಂದಿದೆ ಎಂದು ಕೇಳಿ, ನಿನ್ನೆಯ ಗುರುತಿನ ಜತೆ ಹೋಲಿಸಿ. ಬಿಪಿ, ಸಕ್ಕರೆ ಕಾಯಿಲೆಯ ಗುಳಿಗೆ ಎಷ್ಟು ದಿನಕ್ಕಿದೆ? ದನಗಳ ಹಗ್ಗ ಬಿಚ್ಚಿದ್ದಾರಾ? ರಾತ್ರಿ ನೀರು ನುಗ್ಗಿದಾಗ ಗೂಟಕ್ಕೆ ಕಟ್ಟಿದ ಎಮ್ಮೆ ನಿಂತಲ್ಲೇ ಮುಳುಗುತ್ತದೆ, ಬಿಚ್ಚಿದ್ದು ಎತ್ತರದ ಜಾಗ ಹುಡುಕಿಕೊಳ್ಳುತ್ತದೆ. ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಪಹಣಿ ಒಂದೇ ಪ್ಲಾಸ್ಟಿಕ್ ಚೀಲದಲ್ಲಿರಲಿ. ಅವುಗಳ ಫೋಟೊ ನಿಮ್ಮ ಫೋನಿನಲ್ಲಿರಲಿ. ಮನೆಯ ನಾಲ್ಕೂ ಗೋಡೆ, ಮಾಡು, ದನದ ಕೊಟ್ಟಿಗೆಯ ಫೋಟೊಗಳನ್ನು ಈಗಲೇ ತರಿಸಿಕೊಳ್ಳಿ. ನೀರು ಇಳಿದ ಮೇಲೆ ಪಂಚನಾಮೆಗೆ ಬಂದವರು ‘ಈ ಗೋಡೆ ಮೊದಲೇ ಬಿದ್ದಿತ್ತು’ ಎಂದರೆ ತೋರಿಸಲು ಮುಂಚಿನ ಫೋಟೊ ಬೇಕು. ಸತ್ತ ದನವನ್ನು ಪಶುವೈದ್ಯರಿಗೆ ತೋರಿಸದೆ ಹೂಳಿದರೆ ಪರಿಹಾರ ತಪ್ಪುತ್ತದೆ. ಇದನ್ನು ಅಪ್ಪನಿಗೆ ಮೊದಲೇ ಹೇಳಿಡಿ.

ರಜೆ ಈಗಲೇ ಹಾಕಬೇಡಿ. ಅವರು ಸರ್ಕಾರದ ಪರಿಹಾರ ಶಿಬಿರವಾದ ಕಾಳಜಿ ಕೇಂದ್ರ ಸೇರಿದ್ದರೆ ಊಟ, ಹಾಸಿಗೆ ಅಲ್ಲಿದೆ. ರಸ್ತೆ ಮುಳುಗಿದಾಗ ನೀವು ಹೊರಟರೆ ನಡುದಾರಿಯಲ್ಲಿ ಸಿಕ್ಕಿಬೀಳುತ್ತೀರಿ. ನಿಮ್ಮ ಹತ್ತು ದಿನದ ರಜೆ ಬೇಕಾಗುವುದು ನೀರು ಇಳಿದ ಮೇಲೆ, ಮನೆಯೊಳಗಿನ ಕೆಸರು ಎತ್ತುವಾಗ. ಅಲ್ಲಿಯವರೆಗೆ ಪಗಾರ ಕೈತಪ್ಪದಂತೆ ನೋಡಿಕೊಳ್ಳಿ, ಮನೆ ನಿಲ್ಲಿಸುವ ದುಡ್ಡು ಅದೇ.

ಹೌಸಿಂಗ್ ಸೊಸೈಟಿ ಕಾರ್ಯದರ್ಶಿ, ಮಾಟುಂಗಾ: ನಮ್ಮ ಕಟ್ಟಡದಲ್ಲಿ ಕನ್ನಡದವರು, ತಮಿಳರು, ಗುಜರಾತಿಗಳು ಸೇರಿ ಮನೆಮನೆಯಿಂದ ಬಟ್ಟೆ, ಧಾನ್ಯ ಸಂಗ್ರಹಿಸಿದ್ದೇವೆ. ಲಿಫ್ಟಿನ ಮುಂದೆ ಗುಡ್ಡೆಯೇ ಬಿದ್ದಿದೆ. ಟೆಂಪೊ ಮಾಡಿ ಕಳಿಸಬೇಕೆಂದಿದ್ದೇವೆ. ಹೇಗೆ ಕಟ್ಟಬೇಕು?

ಸದ್ಯಕ್ಕೆ ಟೆಂಪೊ ಹೇಳಬೇಡಿ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ನಾಗಪಟ್ಟಣಂ ಕಡೆ ರಸ್ತೆಬದಿಯಲ್ಲಿ ಹಳೆಬಟ್ಟೆಯ ರಾಶಿಗಳು ಮಳೆಗೆ ಕೊಳೆತವು. ಮೀನುಗಾರರ ಹೆಂಗಸರಿಗೆ ಹರಿದ ಜೀನ್ಸು, ಕಲೆಯಾದ ಶರ್ಟು ಏತಕ್ಕೆ? ಪರಿಹಾರಕ್ಕೆ ಬಂದವರ ಹೊತ್ತು ಆ ರಾಶಿ ವಿಂಗಡಿಸಿ ಸಾಗಿಸುವುದರಲ್ಲೇ ಹೋಯಿತು. ಆಮೇಲೂ ಪ್ರತಿ ನೆರೆಯಲ್ಲಿ ಇದು ನಡೆದಿದೆ. ಮನೆಯ ಕಪಾಟು ಖಾಲಿ ಮಾಡುವುದನ್ನು ದಾನ ಎಂದು ಕರೆಯಬಾರದು ಎಂಬುದು ನಮ್ಮ ಖಡಕ್ ಅಭಿಪ್ರಾಯ.

ಗುಡ್ಡೆಯನ್ನು ಹೀಗೆ ಸೋಸಿ. ನಿಮ್ಮ ಮಗಳಿಗೆ ನಾಳೆ ತೊಡಿಸುವಷ್ಟು ಚೆನ್ನಾಗಿದೆಯೇ ಎಂದು ಪ್ರತಿ ಬಟ್ಟೆಗೂ ಕೇಳಿಕೊಳ್ಳಿ. ಉಳಿದದ್ದು ಇಲ್ಲೇ ಹಳೆಬಟ್ಟೆಯವರಿಗೆ ಹೋಗಲಿ. ಒಳಉಡುಪು ಹೊಸದೇ ಆಗಬೇಕು, ಪ್ಯಾಕೆಟ್ ಒಡೆಯದ್ದು, ಅಳತೆ ಬರೆದದ್ದು. ಯಾರೂ ಕೊಡದ, ಎಲ್ಲರಿಗೂ ಬೇಕಾದ ವಸ್ತುಗಳು ಬೇರೆಯೇ ಇವೆ: ಸ್ಯಾನಿಟರಿ ಪ್ಯಾಡ್, ಹೊಸ ನೈಟಿ, ಲುಂಗಿ, ಸೊಳ್ಳೆಪರದೆ, ಚಾಪೆ, ಟಾರ್ಪಾಲು, ಟಾರ್ಚು, ಬಕೆಟ್ಟು, ಓಆರ್‌ಎಸ್ ಪೊಟ್ಟಣ. ಓಆರ್‌ಎಸ್ ಕಳಿಸುವಾಗ ಒಂದು ದೊಡ್ಡ ಪೊಟ್ಟಣಕ್ಕೆ ಸರಿಯಾಗಿ ಒಂದು ಲೀಟರ್ ನೀರು ಎಂದು ಆ ಊರಿನ ಭಾಷೆಯಲ್ಲಿ ಚೀಟಿ ಅಂಟಿಸಿ. ಗಾಜಿನ ಬಾಟಲಿ, ಬಿಡಿ ಮಾತ್ರೆ, ಅರ್ಧ ಖಾಲಿಯಾದ ಸಿರಪ್ಪು, ಮನೆಯಲ್ಲಿ ಮಾಡಿದ ಚಪಾತಿ ಬೇಡ. ಚಪಾತಿ ದಾರಿಯಲ್ಲೇ ಬೂಸ್ಟು ಹಿಡಿಯುತ್ತದೆ.

ಕಟ್ಟುವ ಬಗೆ: ಒಂದು ರಟ್ಟಿನ ಡಬ್ಬದಲ್ಲಿ ಒಂದೇ ಬಗೆಯ ವಸ್ತು, ತೂಕ ಹತ್ತು–ಹನ್ನೆರಡು ಕಿಲೊ ಮೀರಬಾರದು, ಕೆಸರಿನಲ್ಲಿ ಒಬ್ಬರೇ ಹೊರಬೇಕಾಗುತ್ತದೆ. ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ. ಹೊರಗೆ ಎರಡು ಬದಿಗೆ ದಪ್ಪಕ್ಷರದಲ್ಲಿ ‘ಹೆಂಗಸರ ನೈಟಿ, 40 ನಗ’ ಎಂದು ಬರೆಯಿರಿ. ಎಲ್ಲ ಬೆರೆಸಿ ಕಟ್ಟಿದ ಡಬ್ಬವನ್ನು ರಾತ್ರಿ ಹನ್ನೊಂದಕ್ಕೆ ಟಾರ್ಚಿನ ಬೆಳಕಲ್ಲಿ ಬಿಚ್ಚಿ ನೋಡುವ ಪುರುಸೊತ್ತು ಅಲ್ಲಿ ಯಾರಿಗೂ ಇರುವುದಿಲ್ಲ, ಅದು ಮೂಲೆ ಸೇರುತ್ತದೆ. ಹೊರಡುವ ಮುನ್ನ ತಾಲ್ಲೂಕು ಕಚೇರಿಗೋ ಅಲ್ಲಿ ಕೆಲಸ ಮಾಡುತ್ತಿರುವ ಸಂಸ್ಥೆಗೋ ಫೋನ್ ಮಾಡಿ ಇಳಿಸಿಕೊಳ್ಳುವವರ ಹೆಸರು, ಸ್ಥಳ ಪಡೆಯಿರಿ.

ಇದಕ್ಕಿಂತ ಮುಖ್ಯವಾದದ್ದು ಕಳಿಸುವ ಕಾಲ. ಮೊದಲ ವಾರ ಜನ ಕಾಳಜಿ ಕೇಂದ್ರದಲ್ಲಿ ಸಾಮೂಹಿಕ ಅಡುಗೆ ಉಣ್ಣುತ್ತಿರುತ್ತಾರೆ. ಆಗ ನಿಮ್ಮ ಅಕ್ಕಿ, ಬೇಳೆಯನ್ನು ಬೇಯಿಸಲು ಅವರಿಗೆ ಒಲೆಯೇ ಇರುವುದಿಲ್ಲ. ಎರಡನೇ ವಾರ ಮನೆಗೆ ಮರಳಿದಾಗ ಬೇಕಾಗುವುದು ಸನಿಕೆ, ಪೊರಕೆ, ವೈಪರು, ಬ್ಲೀಚಿಂಗ್ ಪುಡಿ, ಗಮ್‌ಬೂಟು, ರಬ್ಬರ್ ಕೈಗವಸು. ಬರಿಗಾಲಲ್ಲಿ ಆ ಕೆಸರು ತುಳಿದರೆ ಇಲಿಜ್ವರದ ಅಪಾಯವಿದೆ. ದಿನಸಿ ಬೇಕಾಗುವುದೂ ಆಗಲೇ. ಎರಡನೇ ತಿಂಗಳಿಗೆ ಪಠ್ಯಪುಸ್ತಕ, ಸಮವಸ್ತ್ರ, ಹೊಲಿಗೆ ಯಂತ್ರ. ಆ ಹೊತ್ತಿಗೆ ಟಿವಿಯವರು ಹೋಗಿರುತ್ತಾರೆ, ಟೆಂಪೊಗಳೂ ನಿಂತಿರುತ್ತವೆ. ನಿಮ್ಮ ಸೊಸೈಟಿ ತನ್ನ ಸಂಗ್ರಹದ ಅರ್ಧ ಹಣವನ್ನು ಮೂರನೇ ತಿಂಗಳಿಗೆಂದು ತೆಗೆದಿಟ್ಟರೆ, ಅಂಥ ಕೆಲಸ ಮಾಡುವ ಬೆರಳೆಣಿಕೆಯವರಲ್ಲಿ ನೀವೂ ಒಬ್ಬರಾಗುತ್ತೀರಿ.

ಯುವಕರು ‘ನಾವೇ ಹೋಗಿ ಸೇವೆ ಮಾಡುತ್ತೇವೆ’ ಎಂದರೆ ಅವರಿಗೂ ಅದೇ ಮಾತು. ಮೊದಲ ವಾರ ತರಬೇತಿ ಇಲ್ಲದವರು ಹೋದರೆ ಊಟಕ್ಕೆ, ಮಲಗಲು ಜಾಗಕ್ಕೆ ಅವರೂ ಸಾಲಿನಲ್ಲಿ ನಿಲ್ಲುತ್ತಾರೆ.

ಕಟ್ಟಡ ಕಾರ್ಮಿಕ, ಬಾಯ್ನಾ, ವಾಸ್ಕೋ: ನಮ್ಮದು ನರಗುಂದ ತಾಲ್ಲೂಕಿನ ಕೊಣ್ಣೂರ ಕಡೆ. ಮಲಪ್ರಭಾ ಬಂದರೆ ಸೇತುವೆ, ರಸ್ತೆ ಎಲ್ಲ ಬಂದ್. ಇಲ್ಲಿ ನಾವು ನಲವತ್ತು ಮಂದಿ ಪಟ್ಟಿ ಎತ್ತಿದ್ದೇವೆ. ವಾಟ್ಸಾಪ್‌ನಲ್ಲಿ ಒಂದು ಕ್ಯೂಆರ್ ಬಂದಿದೆ. ಅದಕ್ಕೆ ಹಾಕಬಹುದೇ?

ಫಾರ್ವರ್ಡ್ ಆಗಿ ಬಂದ ಕ್ಯೂಆರ್‌ಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಪರಿಹಾರ ನಿಧಿಯ ಅಸಲಿ ಪೋಸ್ಟರಿನಲ್ಲಿ ಕ್ಯೂಆರ್ ಚೌಕ ಒಂದನ್ನೇ ಬದಲಿಸಿ ಹಂಚುವುದು ಕಳ್ಳರಿಗೆ ಐದು ನಿಮಿಷದ ಕೆಲಸ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಕಳಿಸುವುದಾದರೆ ಸರ್ಕಾರಿ ಜಾಲತಾಣದ ವಿಳಾಸವನ್ನು ನೀವೇ ಟೈಪ್ ಮಾಡಿ ತೆರೆಯಿರಿ, ಕೊನೆಯಲ್ಲಿ ‘ಜಿಒವಿ ಡಾಟ್ ಇನ್’ ಇದೆಯೇ ನೋಡಿ. ಪಿನ್ ಒತ್ತುವ ಮುಂಚೆ ಪರದೆಯ ಮೇಲೆ ಖಾತೆದಾರರ ಹೆಸರು ಬರುತ್ತದೆ. ಅಲ್ಲಿ ನಿಧಿಯ ಹೆಸರಿನ ಬದಲು ಯಾವುದೋ ವ್ಯಕ್ತಿಯ ಹೆಸರಿದ್ದರೆ ಹಿಂದೆ ಬನ್ನಿ. ಕಳಿಸಿದ ಮೇಲೆ 12 ಅಂಕಿಯ ಯುಪಿಐ ಸಂಖ್ಯೆಯನ್ನು ಉಳಿಸಿಕೊಳ್ಳಿ. ಮೋಸವಾದದ್ದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಿ, ತಡ ಮಾಡದಿದ್ದರೆ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಅವಕಾಶವಿರುತ್ತದೆ.

ನೇರವಾಗಿ ನಿಮ್ಮೂರಿಗೇ ಮುಟ್ಟಿಸಬೇಕೆಂದರೆ ಪಟ್ಟಿಯ ಲೆಕ್ಕ ಚೊಕ್ಕವಾಗಿರಲಿ. ಒಂದು ನೋಟ್‌ಬುಕ್, ಕೊಟ್ಟವರ ಹೆಸರು, ಮೊತ್ತ, ಎದುರಿಗೆ ಅವರದೇ ಸಹಿ ಅಥವಾ ಹೆಬ್ಬೆಟ್ಟು. ಹಣ ಒಬ್ಬರ ಬಳಿ, ಪುಸ್ತಕ ಇನ್ನೊಬ್ಬರ ಬಳಿ. ಪ್ರತಿ ರಾತ್ರಿ ಪುಟದ ಫೋಟೊ ಗ್ರೂಪಿಗೆ. ಏಳನೇ ದಿನ ಸಂಗ್ರಹ ಬಂದ್. ಎಳೆದಷ್ಟೂ ಜಗಳ. ಸಾಮಾನು ಗೋವಾದಲ್ಲಿ ಕೊಂಡು ಹೊತ್ತೊಯ್ಯಬೇಡಿ, ನರಗುಂದದ ದಿನಸಿ ಅಂಗಡಿಗೆ ಹಣ ಹಾಕಿ ಬಿಲ್ ತರಿಸಿಕೊಳ್ಳಿ. ಲಾರಿ ಬಾಡಿಗೆ ಉಳಿಯುತ್ತದೆ, ವ್ಯಾಪಾರ ನಿಂತಿದ್ದ ಅಂಗಡಿಯವನಿಗೂ ನಾಲ್ಕು ಕಾಸು ಸಿಗುತ್ತದೆ.

ತೆರಿಗೆ ಕಟ್ಟುವ ಓದುಗರಿಗೆ ಒಂದು ಮಾತು: ದಾನದ ಮೇಲಿನ ತೆರಿಗೆ ವಿನಾಯಿತಿ (1961ರ ಕಾಯ್ದೆಯಲ್ಲಿ 80ಜಿ) ಹಳೆಯ ತೆರಿಗೆ ಪದ್ಧತಿಯವರಿಗೆ ಮಾತ್ರ. ಎರಡು ಸಾವಿರ ರೂಪಾಯಿ ಮೀರಿದ ನಗದು ದಾನಕ್ಕೂ, ವಸ್ತುರೂಪದ ದಾನಕ್ಕೂ ಅದು ಸಿಗುವುದಿಲ್ಲ.

ತಾಯಿ, ಠಾಣೆ: ಎಂಟು ವರ್ಷದ ಮಗ ಭೂಕಂಪದ ವಿಡಿಯೊ ನೋಡಿದ್ದಾನೆ. ‘ನಮ್ಮ ಬಿಲ್ಡಿಂಗೂ ಬೀಳುತ್ತಾ ಅಮ್ಮ?’ ಎಂದು ರಾತ್ರಿ ಎದ್ದು ಕೇಳುತ್ತಾನೆ.

‘ಇಲ್ಲ, ಏನೂ ಆಗಲ್ಲ, ಮಲಗು’ ಎಂದರೆ ಅವನು ನಂಬುವುದಿಲ್ಲ, ಮುಂದೆ ಕೇಳುವುದನ್ನೂ ಬಿಡುತ್ತಾನೆ. ಮೊದಲು ‘ನೀನು ಏನು ನೋಡಿದೆ?’ ಎಂದು ಕೇಳಿ. ಚಿಕ್ಕ ಮಕ್ಕಳಿಗೆ ಒಂದೇ ದೃಶ್ಯ ಹತ್ತು ಸಲ ಬಂದರೆ ಹತ್ತು ಕಟ್ಟಡ ಬಿದ್ದಂತೆ ಲೆಕ್ಕ. ಅದು ಒಂದೇ ಕಟ್ಟಡ, ಅದೇ ವಿಡಿಯೊ ಎಂದು ತಿಳಿದರೆ ಅವನ ಭಯ ಬಹಳಷ್ಟು ಇಳಿಯುತ್ತದೆ. ಆಮೇಲೆ ನಕಾಶೆ ತೆಗೆದು ಠಾಣೆ ಎಲ್ಲಿ, ಆ ಊರು ಎಲ್ಲಿ ತೋರಿಸಿ. ಸುಳ್ಳು ಭರವಸೆ ಬೇಡ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಕತೆ ಅವನ ಕಿವಿಗೆ ಎಂದಾದರೂ ಬೀಳುತ್ತದೆ. ಅದರ ಬದಲು ‘ಹಾಗೇನಾದರೂ ಆದರೆ ನಾವು ಹೀಗೆ ಮಾಡುತ್ತೇವೆ’ ಎಂದು ಮಾಡಿ ತೋರಿಸಿ: ನೆಲ ಅಲುಗಿದರೆ ಗಟ್ಟಿ ಮೇಜಿನ ಕೆಳಗೆ ಕೂತು ಅದರ ಕಾಲು ಹಿಡಿದುಕೊಳ್ಳುವುದು, ನಿಂತ ಮೇಲೆ ಮೆಟ್ಟಿಲಲ್ಲಿ ಇಳಿಯುವುದು, ಲಿಫ್ಟ್ ಮುಟ್ಟದಿರುವುದು. ಬಾಗಿಲ ಬಳಿಯ ಒಂದು ಚೀಲದಲ್ಲಿ ಟಾರ್ಚು, ಸೀಟಿ, ನೀರು, ಬಿಸ್ಕತ್ತು ಇಡುವ ಕೆಲಸ ಅವನಿಗೇ ಕೊಡಿ. ಅಪ್ಪನ ಫೋನ್ ನಂಬರ್ ಬಾಯಿಪಾಠ ಮಾಡಿಸಿ. ಶಾಲೆ, ಆಟ, ಊಟದ ಹೊತ್ತು ಒಂದಿಷ್ಟೂ ಕದಲದಿರಲಿ.

ಕೋಥ್ರೂಡ್, ಪುಣೆ: ಮಗಳ ಸೀಮಂತಕ್ಕೆ ಹಾಲ್ ಬುಕ್ ಆಗಿದೆ. ಊರ ಕಡೆ ನೆರೆ. ಮುಂದೂಡಬೇಕೇ?

ಬೇಡ. ಅಡುಗೆಯವರು, ಹೂವಿನವರು, ಬಳೆಗಾರ್ತಿ, ಎಲೆ ತೆಗೆಯುವವರು ಆ ದಿನದ ಕೂಲಿ ನಂಬಿದ್ದಾರೆ. ನೆರೆಗೆ ಸಿಕ್ಕಿದ ನೆಂಟರಿಗೆ ಮಾತ್ರ ನೀವೇ ಫೋನ್ ಮಾಡಿ ‘ಬರಲಾಗದಿದ್ದರೆ ಬೇಸರವಿಲ್ಲ’ ಎಂದು ಹೇಳಿಬಿಡಿ, ಅವರು ಸಂಕೋಚದಿಂದ ಮುಳುಗಿದ ರಸ್ತೆಯಲ್ಲಿ ಹೊರಡದಿರಲಿ.

ಬ್ಯಾಂಕ್ ಉದ್ಯೋಗಿ, ಮುಲುಂಡ್: ನಿಜ ಹೇಳುತ್ತೇನೆ, ಈಗೀಗ ಇಂಥ ಸುದ್ದಿ ನೋಡಿದರೆ ನನಗೆ ಏನೂ ಅನ್ನಿಸುವುದಿಲ್ಲ. ಇದು ರೋಗವೇ?

ರೋಗವಲ್ಲ. ಟರ್ಕಿ, ಮ್ಯಾನ್ಮಾರ್, ವಯನಾಡು ಎಂದು ಒಂದರ ಮೇಲೊಂದು ಬಂದಾಗ ಮನಸ್ಸು ಬಾಗಿಲು ಹಾಕಿಕೊಳ್ಳುತ್ತದೆ. ಮನೆಯವರ ಬಗ್ಗೆಯೂ, ಇಷ್ಟದ ಕೆಲಸದ ಬಗ್ಗೆಯೂ ಹೀಗೇ ಆಗಿದ್ದರೆ ಮಾತ್ರ ವೈದ್ಯರನ್ನು ಕಾಣಿ. ಇಲ್ಲವಾದರೆ ಒಂದು ಸಲಹೆ: ಕೊಡುವುದಕ್ಕೆ ಕರಗಲೇಬೇಕೆಂಬ ನಿಯಮವಿಲ್ಲ. ನಂಬಿಕಸ್ತ ಪರಿಹಾರ ಸಂಸ್ಥೆಯೊಂದಕ್ಕೆ ಪಗಾರದ ಮರುದಿನವೇ ಐನೂರು ರೂಪಾಯಿ ಹೋಗುವಂತೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಹಾಕಿಬಿಡಿ. ಕಣ್ಣೀರಿನ ಅಲೆಯಲ್ಲಿ ಬರುವ ಹಣ ಹದಿನೈದು ದಿನಕ್ಕೆ ಬತ್ತುತ್ತದೆ, ನಿಮ್ಮದು ಆರನೇ ತಿಂಗಳಲ್ಲೂ ಬರುತ್ತಿರುತ್ತದೆ.

ಇದೇ ಲೆಕ್ಕ ರಕ್ತದಾನಕ್ಕೂ. ದುರಂತವಾದ ದಿನ ಇಲ್ಲಿ ರಕ್ತ ಕೊಟ್ಟರೆ ಅದು ಸಾಮಾನ್ಯವಾಗಿ ಅಲ್ಲಿಗೆ ಹೋಗುವುದಿಲ್ಲ. ಕೆಂಪುಕಣ ಇಡಬಹುದಾದದ್ದು 35ರಿಂದ 42 ದಿನ, ಪ್ಲೇಟ್‌ಲೆಟ್ ಐದೇ ದಿನ. ಎಲ್ಲರೂ ಒಂದೇ ದಿನ ಕೊಟ್ಟರೆ ಒಂದಷ್ಟು ಅವಧಿ ಮೀರಿ ಹಾಳಾಗುತ್ತದೆ, ಮುಂದಿನ ಮೂರು ತಿಂಗಳು ಆ ದಾನಿಗಳು ಮತ್ತೆ ಕೊಡುವಂತೆಯೂ ಇಲ್ಲ: ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಅಂತರ ಬೇಕು. ಮುಂಬಯಿಯ ರಕ್ತನಿಧಿಗಳು ಖಾಲಿಯಾಗುವುದು ಕಾಲೇಜುಗಳಿಗೆ ರಜೆ ಇರುವ ಮೇ ತಿಂಗಳಲ್ಲಿ, ದೀಪಾವಳಿ ಹೊತ್ತಿನಲ್ಲಿ. ಹಿಮೋಗ್ಲೋಬಿನ್ 12.5 ಇದ್ದರೆ ಆಗ ಹೋಗಿ, ಬೆಳಿಗ್ಗೆ ತಿಂಡಿ ತಿಂದುಕೊಂಡು.